ಹಾವು ಕಚ್ಚಿದ ಗಳಿಗೆ: ಭಯ, ವಿಷ ಮತ್ತು ಬದುಕಿ ಬಂದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ತೋಟ, ಕಬ್ಬಿನ ಗದ್ದೆ, ರಾಗಿ ಹೊಲಗಳಲ್ಲಿ ದುಡಿಯುವವರನ್ನು "ಬದುಕಿನಲ್ಲಿ ಅತಿ ಹೆಚ್ಚು ಹೆದರಿದ್ದು ಯಾವಾಗ" ಎಂದು ಕೇಳಿ ನೋಡಿ. ನೆರೆ, ಕಾಡಾನೆ, ಬಸ್ ಅಪಘಾತ ಎಲ್ಲವೂ ಬರುತ್ತವೆ. ಆದರೆ ಮಾತು ಬಿಡದೆ ಸುತ್ತುವುದು ಹಾವಿನ ಸುತ್ತ. ಕಚ್ಚಿಸಿಕೊಂಡು ಬದುಕಿದವರು, ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವರು, ಮನೆಯಲ್ಲಿ ಕಾದು ಕುಳಿತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಈಗಲೇ ಯಾರಿಗಾದರೂ ಹಾವು ಕಚ್ಚಿದ್ದರೆ ಇದನ್ನು ಓದುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹೊರಡಿ.

ಕಚ್ಚಿದ ಕೂಡಲೇ ಏನಾಗುತ್ತದೆ?

ಹೆಚ್ಚಿನವರಿಗೆ ಮೊದಲು ಗೊತ್ತಾಗುವುದು ಹಾವಲ್ಲ, ಮುಳ್ಳು ಚುಚ್ಚಿದಂಥ ಒಂದು ಚಳುಕು. ತಿರುಗಿ ನೋಡಿದಾಗ ಹುಲ್ಲಿನಲ್ಲಿ ಸರಿದುಹೋಗುವ ಬಾಲ ಕಾಣುತ್ತದೆ. ಅಲ್ಲಿಂದ ಮುಂದಿನದನ್ನು ದೇಹವೇ ನಡೆಸುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬೆವರು ಕಿತ್ತುಬರುತ್ತದೆ, ಕಾಲು ನಡುಗುತ್ತದೆ. ಇದು ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಹೆದರಿ ಜೋರಾಗಿ ಉಸಿರಾಡತೊಡಗಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮುಗುಟ್ಟುತ್ತವೆ. ಕೆಲವರಿಗೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಕೆಲವರು ತಲೆಸುತ್ತಿ ಬೀಳುತ್ತಾರೆ. ಸುತ್ತ ನಿಂತವರು ಇದನ್ನು ಕಂಡು "ವಿಷ ಏರಿತು" ಎಂದು ಕೂಗುತ್ತಾರೆ. ಆ ಕೂಗು ಕಚ್ಚಿಸಿಕೊಂಡವರ ಕಿವಿಗೆ ಬೀಳುತ್ತದೆ, ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ.

ಹಾಗಾದರೆ ಅದು ಭಯವೋ ವಿಷವೋ ಎಂದು ತಿಳಿಯುವುದು ಹೇಗೆ?

ಭಯದಿಂದ ಬರಲಾರದ ಲಕ್ಷಣಗಳು ಕೆಲವಿವೆ. ಕಣ್ಣಿನ ರೆಪ್ಪೆ ಎಷ್ಟು ಯತ್ನಿಸಿದರೂ ಮೇಲೇಳದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಎಂಜಲು ನುಂಗಲಾಗದಿರುವುದು, ಕತ್ತು ನಿಲ್ಲದೆ ವಾಲುವುದು, ಮಾತು ತೊದಲುವುದು. ಇವು ನರಗಳನ್ನು ಹಿಡಿಯುವ ವಿಷದ ಗುರುತು. ವಸಡಿನಿಂದ ರಕ್ತ, ಕಚ್ಚಿದ ಜಾಗದಿಂದ ನಿಲ್ಲದ ರಕ್ತ, ಕೆಂಪು ಅಥವಾ ಕಪ್ಪು ಮೂತ್ರ, ಮೇಲಕ್ಕೆ ಹಬ್ಬುತ್ತ ಹೋಗುವ ಊತ, ಇವು ರಕ್ತವನ್ನು ಕೆಡಿಸುವ ವಿಷದವು.

ಆದರೆ ಈ ಪಟ್ಟಿ ಹಿಡಿದು ಮನೆಯಲ್ಲಿ ತೀರ್ಮಾನಕ್ಕೆ ಕೂರುವುದು ತಪ್ಪು. ಕೆಲವು ಲಕ್ಷಣಗಳು ಗಂಟೆಗಟ್ಟಲೆ ತಡವಾಗಿ ಬರುತ್ತವೆ. ಎಷ್ಟು ಹೆದರಿದ್ದೀರಿ ಎಂಬುದಕ್ಕೂ ಎಷ್ಟು ವಿಷ ಹೊಕ್ಕಿದೆ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ವಿಷವಿಲ್ಲದ ಕೇರೆ ಹಾವು ಕಚ್ಚಿ ಮೂರ್ಛೆ ಹೋದವರಿದ್ದಾರೆ. ಜೀವ ತೆಗೆಯುವಷ್ಟು ವಿಷದ ಕಟ್ಟುಹಾವು ಕಚ್ಚಿದ ಮೇಲೆ ಮಗ್ಗುಲು ಬದಲಿಸಿ ನಿದ್ದೆ ಮಾಡಿದವರೂ ಇದ್ದಾರೆ.

ಕಚ್ಚಿದ ಹಾವುಗಳೆಲ್ಲ ವಿಷದವೇ?

ಅಲ್ಲ. ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ, ಅವುಗಳಲ್ಲಿ ಬಹುಪಾಲು ಮನುಷ್ಯರಿಗೆ ಅಪಾಯವಿಲ್ಲದವು. ಸಾವುಗಳಲ್ಲಿ ಹೆಚ್ಚಿನ ಪಾಲು ನಾಲ್ಕು ಹಾವುಗಳದು: ನಾಗರಹಾವು, ಕಟ್ಟುಹಾವು (ಕರಾವಳಿಯಲ್ಲಿ ಕಡಂಬಳ), ಕೊಳಕುಮಂಡಲ ಮತ್ತು ಗರಗಸಮಂಡಲ. ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ವಿಷವಿಲ್ಲದ ಈ ಒಣ ಕಡಿತಗಳು ಅಪರೂಪವೇನಲ್ಲ. ಎರಡು ಹಲ್ಲಿನ ಗುರುತು ಇದ್ದರೆ ಮಾತ್ರ ವಿಷದ ಹಾವು ಎಂಬ ಲೆಕ್ಕವನ್ನು ನಂಬಬೇಡಿ. ಒಂದೇ ಗೀರು ಇರಬಹುದು, ಏನೂ ಕಾಣದೆಯೂ ಇರಬಹುದು.

ನೋವೇ ಇಲ್ಲದೆ ಹಾವು ಕಚ್ಚುವುದು ಸಾಧ್ಯವೇ?

ಸಾಧ್ಯ, ಮತ್ತು ಈ ನಾಲ್ಕು ಹಾವುಗಳಲ್ಲಿ ನಾನು ಅತಿ ಹೆಚ್ಚು ಹೆದರಬೇಕೆನ್ನುವುದು ಹಾಗೆ ಕಚ್ಚುವ ಕಟ್ಟುಹಾವಿಗೆ. ಮಿರುಗುವ ಕಪ್ಪು ಮೈ, ಅಡ್ಡಡ್ಡ ತೆಳು ಬಿಳಿ ಪಟ್ಟೆಗಳು. ಹಗಲಿನಲ್ಲಿ ಮುದುರಿಕೊಂಡು ಬಿದ್ದಿರುತ್ತದೆ, ರಾತ್ರಿ ಬೇಟೆಗೆ ಹೊರಡುತ್ತದೆ. ಮನೆಯೊಳಗೆ ಬಂದರೆ ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಿಗೂ ಬರಬಹುದು. ಮಲಗಿದವರು ಹೊರಳಿದಾಗ ಕಚ್ಚುತ್ತದೆ. ಹಲ್ಲು ಸಣ್ಣದು, ಉರಿ ಇಲ್ಲ, ಊತ ಇಲ್ಲ. ಸೊಳ್ಳೆಯೋ ಇರುವೆಯೋ ಎಂದುಕೊಂಡು ಮತ್ತೆ ಮಲಗುತ್ತಾರೆ.

ನಸುಕಿನಲ್ಲಿ ಹೊಟ್ಟೆನೋವು. ಒಮ್ಮೊಮ್ಮೆ ವಾಂತಿ. ಮನೆಯವರು ರಾತ್ರಿಯ ಊಟವನ್ನು ದೂರುತ್ತಾರೆ, ಶುಂಠಿ ಕಷಾಯ ಕೊಡುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ನಿದ್ದೆ ತುಂಬಿಕೊಂಡಂತೆ ಕಾಣುತ್ತದೆ, "ಮಲಗಲಿ ಬಿಡಿ" ಎನ್ನುತ್ತಾರೆ. ಅಷ್ಟರಲ್ಲಿ ಉಸಿರಾಟದ ಸ್ನಾಯುಗಳು ಸೋಲತೊಡಗಿರುತ್ತವೆ. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ವೇದಾಂತಿಗಳು ಹೇಳುತ್ತಾರೆ. ನಮ್ಮ ಹಳ್ಳಿಮನೆಗಳಲ್ಲಿ ಜೀವ ತೆಗೆಯುವುದು ಅದರ ತಿರುವುಮುರುವು, ಹಾವನ್ನು ಇರುವೆಯೆಂದು ತಿಳಿಯುವುದು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗ್ಗೆ ಕಾರಣವಿಲ್ಲದ ಹೊಟ್ಟೆನೋವು, ಜೊತೆಗೆ ರೆಪ್ಪೆ ಭಾರ ಎಂದರೆ ಹಾವನ್ನು ಯಾರೂ ನೋಡದಿದ್ದರೂ ಆಸ್ಪತ್ರೆಗೆ ಹೊರಡಿ. ವೈದ್ಯರ ಬಳಿ "ನೆಲದ ಮೇಲೆ ಮಲಗಿದ್ದರು" ಎಂಬ ಮಾತನ್ನು ಮರೆಯದೆ ಹೇಳಿ.

ಎಲ್ಲವೂ ಕೇಳಿಸುತ್ತದೆ, ಆದರೆ ಕಣ್ಣು ಬಿಡಲೂ ಆಗುವುದಿಲ್ಲ ಎನ್ನುತ್ತಾರಲ್ಲ, ನಿಜವೇ?

ನಿಜ. ಮನುಷ್ಯರು ಬದುಕಿ ಬಂದಿರುವ ಭಯಗಳಲ್ಲಿ ಇದನ್ನು ಮೀರಿಸುವಂಥದ್ದು ನನಗೆ ಸುಲಭವಾಗಿ ತೋಚುವುದಿಲ್ಲ.

ಕಟ್ಟುಹಾವಿನ ವಿಷ ಮಿದುಳನ್ನು ಮುಟ್ಟುವುದಿಲ್ಲ. ನರ ಮತ್ತು ಸ್ನಾಯು ಸೇರುವ ಕಡೆ ನರದ ತುದಿಯನ್ನೇ ಹಾಳುಮಾಡುತ್ತದೆ. ಮಿದುಳು ಆಜ್ಞೆ ಕೊಡುತ್ತಲೇ ಇರುತ್ತದೆ, ಸ್ನಾಯುವಿಗೆ ತಲುಪುವುದಿಲ್ಲ. ವಿಷ ಪೂರ್ತಿ ಹಿಡಿದವರು ಕೈ ಎತ್ತಲಾರರು, ರೆಪ್ಪೆ ಅಲುಗಿಸಲಾರರು, ಸ್ವಂತವಾಗಿ ಉಸಿರೆಳೆಯಲಾರರು. ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೂ ಕುಗ್ಗದೆ ನಿಲ್ಲಬಹುದು. ಹೊರಗಿನಿಂದ ನೋಡಿದರೆ ಮಿದುಳು ಸತ್ತವರಂತೆಯೇ ಕಾಣುತ್ತಾರೆ. ಆದರೆ ಒಳಗೆ ಎಚ್ಚರವಾಗಿರಬಹುದು: ಮಂಚದ ಪಕ್ಕದ ಮಾತು, ಅಳು, "ಇನ್ನೇನೂ ಉಳಿದಿಲ್ಲ" ಎಂಬ ಪಿಸುಮಾತು ಎಲ್ಲವೂ ಕೇಳಿಸುತ್ತಿರಬಹುದು. ಹೀಗೆ ಮಲಗಿದ್ದವರು ದಿನಗಳ ನಂತರ ಪೂರ್ತಿ ಚೇತರಿಸಿಕೊಂಡ ಪ್ರಕರಣಗಳು ಭಾರತದ ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಹಾವು ಕಡಿತದ ರೋಗಿಯ ವಿಷಯದಲ್ಲಿ ಮಿದುಳು ಸತ್ತಿದೆ ಎಂಬ ತೀರ್ಮಾನಕ್ಕೆ ಅವಸರಪಡಬಾರದು ಎಂದು ವೈದ್ಯರಿಗೆ ಎಚ್ಚರಿಕೆ ಕೊಡುವುದು ಇದಕ್ಕಾಗಿಯೇ.

ಇಲ್ಲಿ ಜೀವ ಉಳಿಸುವುದು ವೆಂಟಿಲೇಟರ್. ನರದ ತುದಿಗಳು ಮತ್ತೆ ಚಿಗುರುವವರೆಗೆ ಯಾರಾದರೂ, ಏನಾದರೂ ಉಸಿರು ಕೊಡುತ್ತಲೇ ಇರಬೇಕು. 2001ರ ಸೆಪ್ಟೆಂಬರಿನಲ್ಲಿ ಉತ್ತರ ಮ್ಯಾನ್ಮಾರಿನ ಕಾಡಿನಲ್ಲಿ ಅಮೆರಿಕದ ಹಾವು ತಜ್ಞ ಜೋ ಸ್ಲೊವಿನ್‌ಸ್ಕಿ ಅವರಿಗೆ ಕಟ್ಟುಹಾವಿನ ಜಾತಿಯ ಮರಿಯೊಂದು ಕಚ್ಚಿತು. ಅದನ್ನು ವಿಷವಿಲ್ಲದ ಹಾವು ಎಂದುಕೊಂಡು ಚೀಲಕ್ಕೆ ಕೈಹಾಕಿದ್ದರು. ಮುಂದೇನಾಗುತ್ತದೆ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ಜೊತೆಗಿದ್ದವರಿಗೆ ವಿವರಿಸಿಯೂ ಇದ್ದರು. ಮಾತು ನಿಂತ ಮೇಲೆ ಸನ್ನೆಯಲ್ಲೇ ಉತ್ತರ ಕೊಟ್ಟರು. ಸಂಗಡಿಗರು ಒಂದು ದಿನಕ್ಕೂ ಹೆಚ್ಚು ಹೊತ್ತು ಸರದಿಯಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಮಳೆ ಮೋಡದಿಂದಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ, ಅವರು ಉಳಿಯಲಿಲ್ಲ. ವೆಂಟಿಲೇಟರ್ ಇರುವ ಜಿಲ್ಲಾ ಆಸ್ಪತ್ರೆ ಹತ್ತಿರವಿದ್ದವರ ಕಥೆ ಬಹಳಷ್ಟು ಸಲ ಬೇರೆಯೇ ಆಗುತ್ತದೆ.

ನಿಮ್ಮವರು ಹೀಗೆ ಮಲಗಿದ್ದರೆ ಅವರೊಡನೆ ಮಾತನಾಡಿ. ಯಾವ ದಿನ, ಎಲ್ಲಿದ್ದಾರೆ, ಈ ಸ್ಥಿತಿ ಯಾಕೆ ಬಂದಿದೆ, ಇದು ಹೋಗುವಂಥದ್ದು ಎಂದು ಹೇಳಿ. ಜಮೀನಿನ ವ್ಯಾಜ್ಯ, ಆಸ್ಪತ್ರೆಯ ಬಿಲ್ಲು ಇವನ್ನೆಲ್ಲ ಹೊರಗೆ ಹೋಗಿ ಮಾತನಾಡಿ.

ಮಂಡಲದ ಹಾವು ಕಚ್ಚಿದರೆ?

ಅದು ಮುಚ್ಚುಮರೆಯಿಲ್ಲದ ಕಡಿತ. ಕೊಳಕುಮಂಡಲ ಕಚ್ಚಿದಾಗ ತಡೆಯಲಾಗದ ನೋವು, ಬೇಗನೆ ಏರುವ ಊತ. ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕಸಿಯುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಡಯಾಲಿಸಿಸ್ ಬೇಕಾಗುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆ ಬಹಳ ಸರಳ: ಒಣಗಿದ ಶುದ್ಧ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಹೊಕ್ಕಿದೆ. ದೊಡ್ಡ ಯಂತ್ರವೇನೂ ಬೇಕಿಲ್ಲ. ಗರಗಸಮಂಡಲ ಗಾತ್ರದಲ್ಲಿ ಪುಟ್ಟದು. ಒಣ, ಕಲ್ಲುನೆಲದ ಕಡೆ ಹೆಚ್ಚು. ಅದರ ವಿಷವೂ ರಕ್ತವನ್ನೇ ಕೆಡಿಸುತ್ತದೆ.

ಆಸ್ಪತ್ರೆಗೆ ಹೋಗುವ ಮೊದಲು ಏನು ಮಾಡಬೇಕು?

ಹಾವಿನಿಂದ ದೂರ ಸರಿದು ಕೂರಿಸಿ ಅಥವಾ ಮಲಗಿಸಿ. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ, ವಾಚು ತೆಗೆಯಿರಿ. ಊತ ಬಂದ ಮೇಲೆ ಅವು ಬೆರಳನ್ನೇ ಕತ್ತರಿಸುವಂತಾಗುತ್ತವೆ. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಕಟ್ಟುವ ಹಾಗೆ ಹಲಗೆ, ಕೋಲು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ. ನಡೆಸಬೇಡಿ, ಓಡಿಸಬೇಡಿ. ಬೈಕಿನಲ್ಲೇ ಹೋಗಬೇಕಾದರೆ ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಲಿ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಚ್ಚಿದ ಸಮಯವನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ.

ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ಸುಡುವುದು, ಸೊಪ್ಪಿನ ರಸ ಕುಡಿಸುವುದು, ಧೈರ್ಯಕ್ಕೆಂದು ಸಾರಾಯಿ ಕುಡಿಸುವುದು ಯಾವುದೂ ಬೇಡ. ರಕ್ತ ಹೆಪ್ಪುಗಟ್ಟದವರಿಗೆ ಬ್ಲೇಡಿನ ಗಾಯ ಮಾಡಿದರೆ ಅದೇ ಇನ್ನೊಂದು ಆಪತ್ತು.

ಬಿಗಿಯಾಗಿ ಹಗ್ಗ ಕಟ್ಟಿಬಿಟ್ಟಿದ್ದೇವೆ. ಬಿಚ್ಚಬೇಕೇ?

ಕಟ್ಟಬಾರದಿತ್ತು, ರಕ್ತ ಹರಿಯದೆ ಕೈಕಾಲು ಕೊಳೆಯುತ್ತದೆ. ಆದರೆ ಕಟ್ಟಿ ಬಹಳ ಹೊತ್ತಾಗಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ. ತಡೆದು ನಿಂತಿದ್ದ ವಿಷ ಒಮ್ಮೆಲೇ ಮೈಗೆ ಏರಿ ಉಸಿರು ನಿಲ್ಲಬಹುದು. ಬೇಗ ಆಸ್ಪತ್ರೆ ತಲುಪಿ, ಕಟ್ಟಿರುವುದನ್ನು ವೈದ್ಯರಿಗೆ ತೋರಿಸಿ. ಔಷಧ ಸಿದ್ಧವಿಟ್ಟುಕೊಂಡು ಅವರು ಬಿಚ್ಚುತ್ತಾರೆ.

ಮಂತ್ರ, ನಾಟಿ ಔಷಧ, ವಿಷಕಲ್ಲಿನಿಂದ ಬದುಕಿದವರು ನಮ್ಮೂರಲ್ಲೇ ಇದ್ದಾರಲ್ಲ?

ಇದ್ದಾರೆ, ಸುಳ್ಳಲ್ಲ. ಆದರೆ ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ: ಬಹುಪಾಲು ಕಡಿತಗಳು ವಿಷವಿಲ್ಲದ ಹಾವಿನವು, ವಿಷದ ಹಾವಿನ ಕಡಿತಗಳಲ್ಲೂ ಕೆಲವು ಒಣ ಕಡಿತಗಳು. ಅವರಿಗೆ ಮಂತ್ರ ಹಾಕಿದರೂ ಬದುಕುತ್ತಾರೆ, ಸುಮ್ಮನೆ ಕೂರಿಸಿದರೂ ಬದುಕುತ್ತಾರೆ. ಭಯದಿಂದ ಸೆಟೆದುಕೊಂಡ ಬೆರಳುಗಳು ಹಿರಿಯರೊಬ್ಬರು ಬೆನ್ನು ಸವರಿ ಧೈರ್ಯ ಹೇಳಿದರೆ ಸಡಿಲವಾಗುತ್ತವೆ, ಅದು ಔಷಧದ ಮಹಿಮೆ ಎನಿಸಿಕೊಳ್ಳುತ್ತದೆ. ಹತ್ತು ಜನ ಬದುಕಿದ ಕಥೆ ಊರೂರು ಸುತ್ತುತ್ತದೆ, ಹನ್ನೊಂದನೆಯವರ ಮನೆಯವರು "ಹಣೆಬರಹ" ಎಂದು ಸುಮ್ಮನಾಗುತ್ತಾರೆ.

ನಾಟಿ ವೈದ್ಯರನ್ನು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆಯುವವರು ಹಲವು ಊರುಗಳಲ್ಲಿ ಅವರೊಬ್ಬರೇ. ಬಂದವರನ್ನು ಒಂದು ನಿಮಿಷವೂ ನಿಲ್ಲಿಸಿಕೊಳ್ಳದೆ ಆಸ್ಪತ್ರೆಗೆ ಕಳುಹಿಸುವವರು ಅವರಲ್ಲಿದ್ದರೆ ಅವರಿಗೆ ನಮಸ್ಕಾರ.

ಹಾವನ್ನು ಹೊಡೆದು ತರಬೇಕೇ?

ಬೇಡ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಹೊರಟವರು ತಾವೂ ಕಚ್ಚಿಸಿಕೊಂಡು ಒಂದೇ ವಾಹನದಲ್ಲಿ ಬರುತ್ತಾರೆ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ವೈದ್ಯರು ನೋಡುವುದು ಲಕ್ಷಣಗಳನ್ನು. ನಮ್ಮಲ್ಲಿ ಕೊಡುವ ಔಷಧ ಆ ನಾಲ್ಕು ಹಾವುಗಳಿಗೂ ಒಂದೇ.

ಆ ಔಷಧ ಯಾವುದು? ಅದಕ್ಕೂ ಹೆದರಬೇಕೇ?

ಪ್ರತಿವಿಷ, ಆಸ್ಪತ್ರೆಯ ಮಾತಿನಲ್ಲಿ ಎಎಸ್‌ವಿ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ತಯಾರಿಸುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿಕೊಟ್ಟ ಈ ದಾರಿಯನ್ನೇ ಇವತ್ತಿಗೂ ಹಿಡಿದಿದ್ದೇವೆ. ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಲ್ಲಬೇಕಾದವರಿಗೆ ಸಂದ ಪ್ರಶಸ್ತಿ.

ಪುಡಿ ರೂಪದ ಎಎಸ್‌ವಿಗೆ ಫ್ರಿಜ್ ಕಡ್ಡಾಯವಲ್ಲ, ಹಾಗಾಗಿ ಸಣ್ಣ ಆಸ್ಪತ್ರೆಯಲ್ಲೂ ಇಡಬಹುದು. ಸಾಮಾನ್ಯವಾಗಿ 8ರಿಂದ 10 ಬಾಟಲಿಯಿಂದ ಆರಂಭಿಸಿ ರಕ್ತನಾಳದ ಮೂಲಕ ಕೊಡುತ್ತಾರೆ. ಮಕ್ಕಳಿಗೂ ಅಷ್ಟೇ ಪ್ರಮಾಣ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಗರ್ಭಿಣಿಯರಿಗೂ ಕೊಡುತ್ತಾರೆ. ಕುದುರೆಯ ಪ್ರೋಟೀನ್ ಆದ್ದರಿಂದ ಕೆಲವರಿಗೆ ಚಳಿ, ತುರಿಕೆ, ರಕ್ತದೊತ್ತಡ ಕುಸಿತ ಆಗಬಹುದು. ಅದಕ್ಕೆ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರುತ್ತದೆ. ಕಚ್ಚಿದ ಗಳಿಗೆಯಲ್ಲಿ ಎದೆ ಹೊಡೆಸಿದ ಅದೇ ಅಡ್ರಿನಲಿನ್, ಇಲ್ಲಿ ಸಿರಿಂಜಿನಲ್ಲಿ ಬಂದು ಜೀವ ಕಾಯುತ್ತದೆ. ಲಕ್ಷಣವೇ ಇಲ್ಲದಿದ್ದರೆ ಎಎಸ್‌ವಿ ಕೊಡುವುದಿಲ್ಲ, 24 ಗಂಟೆ ನಿಗಾದಲ್ಲಿ ಇಡುತ್ತಾರೆ. "ಇಂಜೆಕ್ಷನ್ ಕೊಡಲಿಲ್ಲ" ಎಂದು ಜಗಳವಾಡಿ ರಾತ್ರೋರಾತ್ರಿ ಮನೆಗೆ ಹೊರಡಬೇಡಿ.

ಕಾಳಿಂಗ ಸರ್ಪಕ್ಕೂ ಇದೇ ಔಷಧವೇ?

ಅಲ್ಲ. ಆಗುಂಬೆಯ ಸುತ್ತಮುತ್ತ ಇರುವ ಕಾಳಿಂಗಕ್ಕೆ ನಮ್ಮ ಎಎಸ್‌ವಿ ತಯಾರಾಗಿಲ್ಲ. ಅದಕ್ಕೆ ಪ್ರತಿವಿಷ ತಯಾರಿಸುವುದು ಥಾಯ್ಲೆಂಡಿನಲ್ಲಿ. ಪುಣ್ಯಕ್ಕೆ ಕಾಳಿಂಗ ಮನುಷ್ಯರನ್ನು ಕಚ್ಚುವುದು ತೀರಾ ಅಪರೂಪ. ಪಶ್ಚಿಮಘಟ್ಟದ ಗುಳಿಮಂಡಲಗಳಿಗೂ (ಪಿಟ್ ವೈಪರ್) ಈ ಔಷಧ ಹೊಂದುವುದಿಲ್ಲ. ನಾಗರಹಾವಿನ ವಿಷವೇ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಪ್ರತಿಕಾಯವೊಂದರ ಬಗ್ಗೆ ಅವರೂ ಅಮೆರಿಕದ ಸಂಶೋಧಕರೂ ಸೇರಿ 2024ರಲ್ಲಿ ವರದಿ ಮಾಡಿದರು. ಆಸ್ಪತ್ರೆಯ ಕಪಾಟಿಗೆ ಅದು ಇನ್ನೂ ಬಂದಿಲ್ಲ.

ಎಷ್ಟು ಜನ ಸಾಯುತ್ತಾರೆ?

2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸುಮಾರು 58,000, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಹೆಚ್ಚಿನವರು ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಆದ್ಯತೆಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಲೆಕ್ಕಕ್ಕೇ ಸಿಗದ ಸಾವಿಗೆ ಔಷಧದ ದಾಸ್ತಾನನ್ನು ಯಾರು ಲೆಕ್ಕಹಾಕುತ್ತಾರೆ? ಆ ದೃಷ್ಟಿಯಿಂದ ಇದು ತಡವಾಗಿ ಬಂದ, ಆದರೆ ಬೇಕಾಗಿದ್ದ ಆದೇಶ.

ಗಾಯ ಮಾಯ್ದು ತಿಂಗಳುಗಳಾದರೂ ಹೆದರಿಕೆ ಹೋಗುತ್ತಿಲ್ಲ. ಇದು ಸಹಜವೇ?

ಸಹಜ, ಆದರೆ ಸುಮ್ಮನೆ ಸಹಿಸಬೇಕಾದದ್ದಲ್ಲ. ತೋಟದ ನೀರಿನ ಪೈಪು ಕಂಡರೆ ಕಾಲು ಹಿಂದೆಗೆಯುವುದು, ರಾತ್ರಿ ಹೊದಿಕೆ ಕೊಡವಿ ಕೊಡವಿ ಮಲಗುವುದು, ಕಚ್ಚಿದ ಜಾಗ ವರ್ಷ ಕಳೆದರೂ ಅಮಾವಾಸ್ಯೆಗೆ ಉರಿಯುತ್ತದೆ ಎನಿಸುವುದು, ಗದ್ದೆಗೆ ಇಳಿಯಲಾಗದೆ ಕೂಲಿ ಕಳೆದುಕೊಳ್ಳುವುದು. ಹಾವು ಕಚ್ಚಿ ಬದುಕಿದವರಲ್ಲಿ ಖಿನ್ನತೆ ಮತ್ತು ಆಘಾತದ ನಂತರದ ಮಾನಸಿಕ ತೊಂದರೆಗಳು ಉಳಿಯುವುದನ್ನು ಶ್ರೀಲಂಕಾದ ಅಧ್ಯಯನಗಳು ಗುರುತಿಸಿವೆ. ಮನೆಯವರು "ಗಂಡಸಾಗಿ ಇಷ್ಟಕ್ಕೆ ಹೆದರುತ್ತೀಯಾ" ಎನ್ನುವುದರಿಂದ ಏನೂ ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ, ಇದು ಅವರ ಬಳಿ ಹೇಳಬಹುದಾದ ಕಾಯಿಲೆಯೇ.

ಮೈಯ ತೊಂದರೆಯನ್ನೂ ಭಯದ ಲೆಕ್ಕಕ್ಕೆ ಸೇರಿಸಿಬಿಡಬೇಡಿ. ಕೊಳಕುಮಂಡಲ ಕಚ್ಚಿದ ಕೆಲವರಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಳಾಗಿ, ತಿಂಗಳುಗಳ ನಂತರ ವಿಪರೀತ ಸುಸ್ತು, ಮುಟ್ಟು ನಿಲ್ಲುವುದು, ಕೂದಲು ಉದುರುವುದು ಕಾಣಿಸಬಹುದು. ಅಂಥದ್ದಿದ್ದರೆ "ಹಿಂದೆ ಮಂಡಲ ಕಚ್ಚಿತ್ತು" ಎಂದು ವೈದ್ಯರಿಗೆ ಹೇಳಿ.

ಒಮ್ಮೆ ತಪ್ಪಿಸಿಕೊಂಡವರನ್ನು ಹಾವು ಸೇಡಿಗೆ ಹುಡುಕಿಕೊಂಡು ಬರುತ್ತದೆಯೇ?

ಇಲ್ಲ. ಅದಕ್ಕೆ ನಿಮ್ಮ ಮುಖ ನೆನಪಿರುವುದಿಲ್ಲ. ಮತ್ತೆ ಅದೇ ಹಿತ್ತಲಿನಲ್ಲಿ ಹಾವು ಕಂಡರೆ ಅಲ್ಲಿ ಇಲಿ, ಕಪ್ಪೆ ಇವೆ ಎಂದರ್ಥ. ನಾಗಪ್ರತಿಷ್ಠೆ, ಆಶ್ಲೇಷಾ ಬಲಿ ಮಾಡಿಸುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು; ಜೊತೆಗೆ ಸೌದೆ ರಾಶಿಯನ್ನು ಮನೆಗೋಡೆಯಿಂದ ದೂರ ಸರಿಸಿ.

ಮತ್ತೆ ಆಗದಂತೆ ಏನು ಮಾಡಬಹುದು?

ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಅಂಗಳದ ಬಚ್ಚಲಿಗೂ. ಹುಲ್ಲು ಕೊಯ್ಯುವಾಗ ಗಮ್‌ಬೂಟು. ಹೆಂಚು, ಇಟ್ಟಿಗೆ, ತೆಂಗಿನಸಿಪ್ಪೆ ರಾಶಿಗೆ ಕೈಹಾಕುವ ಮೊದಲು ಕೋಲಿನಿಂದ ಕೆದಕಿ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಡೆಗಣಿಸಿದ ಉಪಾಯ ಸೊಳ್ಳೆಪರದೆ: ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಕಟ್ಟುಹಾವು ಒಳಬರುವುದು ಬಹಳ ಕಷ್ಟ. ಮಂಚವಿದ್ದರೆ ಇನ್ನೂ ಒಳ್ಳೆಯದು.

ಮಕ್ಕಳಿಗೆ ಏನು ಹೇಳಬೇಕು?

ಹೆದರಿಸಬೇಡಿ. ಪೊದೆಗೆ ಹೋದ ಚೆಂಡು ತರಲು ಹೋಗಿ ಏನೋ ಕಚ್ಚಿತು ಎಂದರೆ ಬೈಗುಳ ಬೀಳುತ್ತದೆ ಎಂದು ಮುಚ್ಚಿಡುವ ಮಕ್ಕಳಿದ್ದಾರೆ. ಅಪ್ಪ ಅಮ್ಮನ ಸಿಟ್ಟು ಅವರಿಗೆ ಹಾವಿಗಿಂತ ದೊಡ್ಡ ಹೆದರಿಕೆ. ಏನು ಕಚ್ಚಿದರೂ, ಎಲ್ಲಿ ಹೋಗಿದ್ದಾಗ ಕಚ್ಚಿದರೂ, ಬಂದು ಹೇಳಿದರೆ ಯಾರೂ ಬೈಯುವುದಿಲ್ಲ ಎಂದು ಮಳೆಗಾಲ ಶುರುವಾಗುವ ಮೊದಲೇ ಹೇಳಿಡಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ.